ಅವ್ವನ ಕಿವಿ, ಚಿಪ್‌ನ ಖಾಲಿ ಜಾಗ

ಆಫೀಸಿನಲ್ಲಿ ನಾನು ಏನು ಮಾಡುತ್ತೇನೆಂದು ಯಾರಾದರೂ ಕೇಳಿದರೆ ಅವ್ವ ಬಹಳ ಕಾಲ ಒಂದೇ ಉತ್ತರ ಕೊಡುತ್ತಿದ್ದಳು: "ಖಾಲಿ ಜಾಗಾ ತುಂಬ್ತಾಳ." ಕೇಳಿದವರು ನಾನು ಫ್ಲ್ಯಾಟ್ ಮಾರಿಸುವ ಕೆಲಸದಲ್ಲಿದ್ದೇನೆ ಎಂದುಕೊಳ್ಳುತ್ತಿದ್ದರು. ನಾವಿರುವುದು ಮರಾಠಿ ನಾಡಿನ ಮಗರಪಟ್ಟಾದಲ್ಲಿ, ಆಫೀಸು ಹತ್ತಿರದ ಖರಾಡಿಯಲ್ಲಿ. ಎರಡೂ ಕಡೆ ಕಟ್ಟಡಗಳೇ ಆದ್ದರಿಂದ ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವ್ವನಿಗೆ ಆ ಉತ್ತರ ಹೇಳಿಕೊಟ್ಟವಳು ನಾನೇ.

ನನ್ನ ಕೆಲಸ ಚಿಪ್ ವಿನ್ಯಾಸ. ಅದರಲ್ಲೂ ಡಿಕಪ್ಲಿಂಗ್ ಕೆಪಾಸಿಟರ್ ಎಂಬ ಪುಟ್ಟ ಭಾಗಗಳದ್ದು. ನಾವೆಲ್ಲ ಅದನ್ನು ಡಿಕ್ಯಾಪ್ ಎನ್ನುತ್ತೇವೆ. ಚಿಪ್‌ನ ಒಂದು ಭಾಗ ನಿದ್ದೆಯಿಂದ ಎದ್ದು ಕೆಲಸಕ್ಕೆ ತೊಡಗಿದಾಗ ಅದಕ್ಕೆ ಆ ಕ್ಷಣವೇ ಕರೆಂಟ್ ಬೇಕು. ಹೊರಗಿನ ಬ್ಯಾಟರಿಯಿಂದ ಅದು ಬಂದು ಮುಟ್ಟುವಷ್ಟರಲ್ಲಿ ಒಳಗಿನ ವೋಲ್ಟೇಜ್ ಕುಸಿದಿರುತ್ತದೆ. ಹಾಗಾಗದಂತೆ ಪಕ್ಕದಲ್ಲೇ ಒಂದಿಷ್ಟು ಚಾರ್ಜ್ ಕೂಡಿಟ್ಟುಕೊಂಡು ಕಾಯುವುದೇ ಡಿಕ್ಯಾಪ್‌ನ ಕೆಲಸ. ಅದಕ್ಕಾಗಿ ಜಾಗ ಬಿಡುವವರು ಕಡಿಮೆ. ದೊಡ್ಡ ಭಾಗಗಳೆಲ್ಲ ಕೂತ ಮೇಲೆ ಉಳಿದ ಸಂದುಗೊಂದಿಗಳಲ್ಲಿ ನಾವು ಅವನ್ನು ತುಂಬುತ್ತೇವೆ.

ಅವ್ವನಿಗೆ ಇದನ್ನು ಸಾಸವಡದಲ್ಲಿ ವಿವರಿಸಿದ್ದೆ. ಅಲ್ಲಿ ನಮ್ಮ ಮೌಶಿಯ, ಎಂದರೆ ಅವ್ವನ ತಂಗಿಯ, ಮನೆಯಿದೆ. ಸಂತರ ಪಾದುಕೆಗಳ ಪಾಲಖಿ ಬರುವ ದಿನ, ಅದರ ಜೊತೆ ನಡೆದು ಬರುವ ವಾರಕರಿ ಯಾತ್ರಿಕರಿಗೆಂದು ಮನೆಯ ಮುಂದೆ ನೀರಿನ ಹಂಡೆಗಳನ್ನು ಇಡುತ್ತೇವೆ. ಆ ಸಲ ಒಂದು ಹಂಡೆ ಹಿತ್ತಲಲ್ಲೇ ಉಳಿದುಹೋಗಿತ್ತು. ವಾರಕರಿಗಳ ಗುಂಪು ಬಂತು, ಮುಂದಿನ ಹಂಡೆಗಳು ಬರಿದಾದವು, ಜನ ಮುಂದೆ ಹೋದರು. ಹಿತ್ತಲ ಹಂಡೆ ತುಂಬಿದ್ದು ತುಂಬಿದಂತೆಯೇ ಇತ್ತು. "ನೋಡು, ನನ್ನ ಕೆಲಸಾನೂ ಹಿಂಗ," ಎಂದೆ. "ನೀರು ಎಷ್ಟದ ಅನ್ನೋದಷ್ಟ ಅಲ್ಲ, ಎಲ್ಲದ ಅನ್ನೋದು ಮುಖ್ಯ." ಅವ್ವ ಹಂಡೆಯನ್ನೂ ನನ್ನನ್ನೂ ನೋಡಿ, "ಇದಕ್ಕ ಇಷ್ಟು ಓದಬೇಕಾತೇನು?" ಎಂದಳು.

ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಶ್ರವಣಯಂತ್ರದ ಚಿಪ್ ಬಂತು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಯಂತ್ರ. ಫೋನಿನ ಜೊತೆ ರೇಡಿಯೋ ಮೂಲಕ ಮಾತಾಡುತ್ತದೆ. ಬ್ಯಾಟರಿ ಉದ್ದಿನಬೇಳೆಗಿಂತ ಸ್ವಲ್ಪ ದೊಡ್ಡದು. ತಂಡದ ಮುಖ್ಯಸ್ಥರಾಗಿದ್ದ ಹಿರಿಯರೊಬ್ಬರು ಬೆಳಗಾವಿ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದವರು. ಕನ್ನಡದವರ ಜೊತೆ ಕನ್ನಡ, ಉಳಿದವರ ಜೊತೆ ಮರಾಠಿ. ಚಿಪ್‌ನಲ್ಲಿ ಯಾವ ಭಾಗ ಎಲ್ಲಿ ಕೂರಬೇಕೆಂದು ತೀರ್ಮಾನಿಸುತ್ತಿದ್ದವನು ಬೆಂಗಳೂರಿನ ಹುಡುಗ, ನನಗಿಂತ ಕಿರಿಯ, ಚುರುಕು. ಜಾಗದ ವಿಷಯಕ್ಕೆ ನನಗೂ ಅವನಿಗೂ ದಿನವೂ ಸಣ್ಣ ಎಳೆದಾಟ ನಡೆಯುತ್ತಿತ್ತು.

ಆ ಚಿಪ್‌ನಲ್ಲಿ ನನ್ನ ತೊಂದರೆ ಜಾಗವಷ್ಟೇ ಆಗಿರಲಿಲ್ಲ. ಈಗಿನ ಸೂಕ್ಷ್ಮ ತಂತ್ರಜ್ಞಾನದಲ್ಲಿ ಡಿಕ್ಯಾಪ್‌ನೊಳಗಿನ ಆಕ್ಸೈಡ್ ಪದರ ಕೆಲವೇ ಅಣುಗಳ ದಪ್ಪ. ತೆಳುವಾದಷ್ಟೂ ಚಾರ್ಜ್ ಹೆಚ್ಚು ಹಿಡಿಯುತ್ತದೆ, ಆದರೆ ಸೋರುವುದೂ ಹೆಚ್ಚು. ಚಿಪ್ ಸುಮ್ಮನೆ ಮಲಗಿದ್ದಾಗಲೂ ಬ್ಯಾಟರಿ ಹನಿಹನಿಯಾಗಿ ಖಾಲಿಯಾಗುತ್ತಿರುತ್ತದೆ. ದಪ್ಪ ಪದರದ ಡಿಕ್ಯಾಪ್ ಸೋರುವುದಿಲ್ಲ ಎಂದೇ ಹೇಳಬಹುದು, ಆದರೆ ಅಷ್ಟೇ ಚಾರ್ಜ್ ಹಿಡಿಯಲು ಬಹಳ ಜಾಗ ತಿನ್ನುತ್ತದೆ. ಕೊನೆಯ ಪರಿಶೀಲನೆಯಲ್ಲಿ ಸೋರಿಕೆ ಮಿತಿ ಮೀರಿದೆ ಎಂದು ಗೊತ್ತಾಗಿ, ನಾನು ತುಂಬಿದ್ದ ತೆಳು ಪದರದ ಡಿಕ್ಯಾಪ್‌ಗಳಲ್ಲಿ ದೊಡ್ಡ ಪಾಲನ್ನು ತೆಗೆಸಬೇಕಾಯಿತು. ಕಂಪ್ಯೂಟರ್ ಲೆಕ್ಕದಲ್ಲಿ ವೋಲ್ಟೇಜ್ ಕುಸಿತ ಆಗಲೂ ಮಿತಿಯೊಳಗೇ ಇತ್ತು. ಎಲ್ಲರೂ ಒಪ್ಪಿ ವಿನ್ಯಾಸವನ್ನು ಕಾರ್ಖಾನೆಗೆ ಕಳಿಸಿದೆವು. ಅದು ಬೇರೆ ದೇಶದಲ್ಲಿದೆ. ಚಿಪ್ ತಯಾರಾಗಿ ಬರಲು ತಿಂಗಳುಗಳೇ ಹಿಡಿಯುತ್ತವೆ.

ಹಾಗೆ ಕಾಯುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ ಮನೆಯಲ್ಲಿ ಸೂಜಿದಾರ ಹುಡುಕುತ್ತಿದ್ದೆ. ಅವ್ವನ ಅಡಿಕೆ ಡಬ್ಬಿಯ ಪಕ್ಕದ ಡಬ್ಬಿಯಲ್ಲಿ ಅವಳ ಶ್ರವಣಯಂತ್ರ ಸಿಕ್ಕಿತು. ಹಿಂದಿನ ವರ್ಷ ಕೊಡಿಸಿದ್ದು, ಹತ್ತಿಯಲ್ಲಿ ಸುತ್ತಿಟ್ಟಿದ್ದಳು. ಬ್ಯಾಟರಿ ಬೇರೆ, ಯಂತ್ರ ಬೇರೆ.

"ಇದನ್ನ ಹಾಕ್ಕೊಳ್ಳೋದಿಲ್ಲೇನು ನೀ?" ಎಂದೆ.

"ಹಾಕ್ಕೋತೀನಿ. ಛಲೋ ಅದ," ಎಂದಳು.

"ಹಂಗಾರ ಡಬ್ಬ್ಯಾಗ ಯಾಕದ?"

ಅವಳು ಸೊಪ್ಪಿನ ಇನ್ನೊಂದು ಕಂತೆ ಎಳೆದುಕೊಂಡು ಬಿಡಿಸತೊಡಗಿದಳು. ಆಮೇಲೆ, "ಒಳಗ ಟಿಕ್ ಟಿಕ್ ಅಂತದವಾ," ಎಂದಳು. "ಮಾತು ಕೇಳಸ್ತದ, ಇಲ್ಲ ಅನ್ನೋದಿಲ್ಲ. ಆದ್ರ ಯಾರೂ ಮಾತಾಡದ ಹೊತ್ನ್ಯಾಗ ಹಲ್ಲಿ ಲೊಚಗುಟ್ಟಿದಂಗ ಆಗ್ತದ. ಭಜನ್ಯಾಗ ಅಂತೂ ತಾಳಾನ ತಪ್ಪಿಸ್ತದ."

ನಾವಿರುವ ಫ್ಲ್ಯಾಟುಗಳ ಸೊಸೈಟಿಯಲ್ಲಿ ಹೆಂಗಸರ ಭಜನಾ ಮಂಡಳಿಯಿದೆ, ಅರ್ಧ ಮರಾಠಿ, ಅರ್ಧ ಕನ್ನಡ. ಅಪ್ಪ ತೀರಿಹೋಗಿ ಅವ್ವ ನಮ್ಮಲ್ಲಿಗೆ ಬಂದಾಗಿನಿಂದ ಅಲ್ಲಿ ತಾಳ ಹಾಕುತ್ತಿದ್ದವಳು ಅವಳೇ. ಮೊಣಕಾಲು ನೋವೆಂದು ಹೋಗುವುದನ್ನು ನಿಲ್ಲಿಸಿದ್ದಳು. ಮೊಣಕಾಲು ನೋವು ಇದ್ದದ್ದು ನಿಜ. ಆದರೆ ನಿಲ್ಲಿಸಿದ್ದಕ್ಕೆ ಕಾರಣ ಅದಾಗಿರಲಿಲ್ಲ. ಯಂತ್ರವನ್ನು ನನ್ನ ಕಿವಿಗಿಟ್ಟುಕೊಂಡು ಕೋಣೆಯ ಬಾಗಿಲು ಹಾಕಿ ಕೂತೆ. ಟಿಕ್ ಕೇಳಿಸಿತು. ಸಣ್ಣದೇ, ಆದರೆ ಒಮ್ಮೆ ಕೇಳಿದ ಮೇಲೆ ಮತ್ತೆ ಮತ್ತೆ ಅದಕ್ಕೇ ಕಾಯುವಂತಾಗುತ್ತಿತ್ತು.

ಆ ಯಂತ್ರ ಬೇರೆ ಯಾರೋ ಮಾಡಿದ್ದು, ಅದರೊಳಗೇನಿತ್ತೋ ನನಗೆ ಗೊತ್ತಿಲ್ಲ. ಆದರೆ ನಮ್ಮ ಚಿಪ್ ತಯಾರಾಗಿ ಬಂದ ದಿನ ನಾನು ಮೊದಲು ಮಾಡಿದ್ದು ಹೆಡ್‌ಫೋನ್ ಹಾಕಿಕೊಂಡು ಕೂತದ್ದು. ಲ್ಯಾಬಿನಲ್ಲಿ ಎಲ್ಲರೂ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದರು. ಎಲ್ಲ ಸರಿಯಾಗಿತ್ತು, ಪೇಢೆ ಹಂಚಿದ್ದೂ ಆಗಿತ್ತು. ನಾನು ಧ್ವನಿಯನ್ನು ಪೂರ್ತಿ ಏರಿಸಿ, ಮೈಕಿನ ಬಾಯಿಗೆ ಬಟ್ಟೆ ಮುಚ್ಚಿ, ಸುಮ್ಮನೆ ಕೇಳುತ್ತ ಹೋದೆ.

ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್.

ಹಿರಿಯರನ್ನು ಕರೆದು ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. "ರೇಡಿಯೋ ಏಳೋ ಹೊತ್ತಿಗೆ ಬರ್ತದ ಅಲ್ರಿ ಇದು?" ಎಂದರು. ಹೌದು, ರೇಡಿಯೋ ಭಾಗ ಎದ್ದಾಗಲೆಲ್ಲ ವೋಲ್ಟೇಜ್ ಒಂದು ರೆಪ್ಪೆ ಮಿಟುಕಿಸಿದಂತೆ ಕುಸಿಯುತ್ತಿತ್ತು. ಅದೇ ಗಳಿಗೆಯಲ್ಲಿ ಪಕ್ಕದ ಧ್ವನಿ ಅಳೆಯುವ ಭಾಗ ಅಳತೆ ತೆಗೆದರೆ ಆ ಒಂದು ಅಳತೆ ತಪ್ಪುತ್ತಿತ್ತು. ತಪ್ಪಿದ ಆ ಅಳತೆಯೇ ಕಿವಿಗೆ ಟಿಕ್ ಎಂದು ಕೇಳುತ್ತಿತ್ತು.

ಬೆಂಗಳೂರಿನ ಹುಡುಗ ತನ್ನ ಲ್ಯಾಪ್‌ಟಾಪ್ ತಂದು ತೋರಿಸಿದ. "ಮೇಡಂ, ನಾಯ್ಸ್ ಲಿಮಿಟ್ ಒಳಗಡೆನೇ ಇದೆ ನೋಡಿ. ಕಸ್ಟಮರ್ ಸ್ಪೆಕ್‌ನಲ್ಲಿ ಇರೋದೇ ಇದು. ನೀವು ವಾಲ್ಯೂಮ್ ಅಷ್ಟು ಜಾಸ್ತಿ ಇಟ್ಕೊಂಡು ಕೇಳಿದ್ರೆ ಏನಾದ್ರೂ ಕೇಳಿಸುತ್ತೆ." ಸ್ಪೆಕ್ ಎಂದರೆ ಚಿಪ್ ಕೊಳ್ಳುವ ಕಂಪನಿ ಬರೆದುಕೊಟ್ಟ ಮಿತಿಗಳ ಪಟ್ಟಿ; ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಅಷ್ಟು ಏರಿಸಿ ಕೇಳೋರಿಗೇ ಅಲ್ವಾ ಈ ಚಿಪ್ಪು?" ಎಂದೆ. ಅವನ ಜೊತೆ ಮಾತಾಡುವಾಗ ನನ್ನ ಕನ್ನಡವೂ ಸ್ವಲ್ಪ ಬೆಂಗಳೂರಿನದಾಗುತ್ತಿತ್ತು.

ಹಿರಿಯರು ನಡುವೆ ಬಂದರು. "ಲಿಮಿಟ್ ಬರದವರು ಯಾವ ಕಿವಿಗೆ ಬರದಾರ ಅನ್ನೋದು ನಮಗ ಗೊತ್ತಿಲ್ಲ. ಜಗಳ ಬ್ಯಾಡ. ಕಿವಿ ಕಡಿಮಿ ಇದ್ದವರನ್ನ ಕರದು ಕೇಳಸೋಣ. ಅವರು ಇಲ್ಲ ಅಂದ್ರ ಇಲ್ಲ."

ಹಾಗೆ ಆಫೀಸಿನಲ್ಲಿ ಒಂದು ಕೇಳಿಸುವ ದಿನ ನಿಗದಿಯಾಯಿತು. ನಮ್ಮಲ್ಲಿ ಕೆಲಸ ಮಾಡುವವರ ತಂದೆತಾಯಿಯರ ಪೈಕಿ ಕಿವಿ ಮಂದವಾದವರನ್ನು ಕರೆದೆವು. ಅವ್ವನೂ ಬಂದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಮದುವೆ ಮನೆಗೆ ಬಂದಂತೆ ಬಂದಳು. ಗುರುತಿನ ಬಿಲ್ಲೆ ಕೊರಳಿಗೆ ಹಾಕಿದಾಗ ಅದನ್ನು ಸೀರೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು.

ಪರೀಕ್ಷೆ ನಡೆಸಿದವರು ಶ್ರವಣ ತಜ್ಞೆ, ನಡುವಯಸ್ಸಿನ ಮರಾಠಿ ಹೆಂಗಸು. ಗಾಜಿನ ಗೋಡೆಯ ಒಂದು ಸಣ್ಣ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಅವರವರ ಕಿವಿಗೆ ಬೇಕಾದಷ್ಟು ಧ್ವನಿ ಹೊಂದಿಸಿ, ನಮ್ಮ ಚಿಪ್ ಇದ್ದ ಯಂತ್ರ ತೊಡಿಸಿ ಹೇಗಿದೆ ಎಂದು ಕೇಳುತ್ತಿದ್ದರು. ಬಂದವರೆಲ್ಲ ಚೆನ್ನಾಗಿದೆ ಎಂದರು. ಅವ್ವನ ಸರದಿ ಬಂದಾಗ ನಾನು ಗಾಜಿನ ಹೊರಗೆ ನಿಂತಿದ್ದೆ. ಪಕ್ಕದಲ್ಲಿ ಹಿರಿಯರು, ಅವರ ಹಿಂದೆ ಬೆಂಗಳೂರಿನ ಹುಡುಗ. ಒಳಗಿನ ಮಾತು ಹೊರಗೆ ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಕಾಕೂ, ಕಸಂ ವಾಟತಂಯ್?" ಹೇಗನಿಸುತ್ತದೆ ಎಂದು ತಜ್ಞೆ ಮರಾಠಿಯಲ್ಲಿ ಕೇಳಿದರು.

"ಛಾನ್ ಆಹೇ," ಚೆನ್ನಾಗಿದೆ ಎಂದಳು ಅವ್ವ.

"ಮಧ್ಯೆ ಏನಾದರೂ ಸದ್ದು?" ಮರಾಠಿಯಲ್ಲೇ ಕೇಳಿದರು.

"ಇಲ್ಲ ಇಲ್ಲ, ಎಲ್ಲ ಛಾನ್." ಅಷ್ಟು ಹೇಳಿ ಅವ್ವ ಗಾಜಿನಾಚೆಯಿಂದ ನನ್ನನ್ನು ನೋಡಿ ನಕ್ಕಳು. ಮಗಳ ಆಫೀಸಿಗೆ ಬಂದು, ಮಗಳು ಮಾಡಿದ ವಸ್ತುವಿಗೆ ಹೆಸರಿಡುವುದುಂಟೇ? ಬೇರೆಯವರ ಮನೆಯಲ್ಲಿ ಉಪ್ಪಿಲ್ಲದ ಸಾರು ಬಡಿಸಿದರೂ ಇನ್ನೊಂದು ಸೌಟು ಹಾಕಿಸಿಕೊಳ್ಳುವವಳು ಅವಳು. ನನಗೆ ನಗೆ ಬಂತು. ಆದರೆ ಅವಳೂ ಇಲ್ಲ ಎಂದ ಮೇಲೆ ನನ್ನ ವಾದ ಅಲ್ಲಿಗೆ ಬಿದ್ದುಹೋದಂತೆಯೇ.

ಹಿರಿಯರು ಕೋಣೆಯ ಬಾಗಿಲು ತೆರೆದು ತಜ್ಞೆಯ ಹತ್ತಿರ ಮೆಲ್ಲಗೆ ಏನೋ ಹೇಳಿದರು. ಈ ಚಿಪ್ ಮಾಡಿದವಳ ತಾಯಿಯೇ ಇವರು ಎಂದು ಹೇಳಿರಬೇಕು. ತಜ್ಞೆ ತಲೆಯಾಡಿಸಿ ಕುರ್ಚಿಯನ್ನು ಅವ್ವನ ಪಕ್ಕಕ್ಕೆ ಎಳೆದುಕೊಂಡರು. ಅವಳು ನಮ್ಮ ಕಡೆಗೆ ಬೆನ್ನು ಹಾಕುವಂತೆ ಕೂರಿಸಿ, ಬೇಸರವಾಗದಿರಲೆಂದು ಅದೂ ಇದೂ ಮಾತಾಡಿದರು. ಯಾವ ಊರು, ಎಷ್ಟು ಮಕ್ಕಳು, ಹೊತ್ತು ಹೇಗೆ ಹೋಗುತ್ತದೆ. ಭಜನೆಯ ಮಾತು ಬಂತು. ತಾಳ ಹಾಕುತ್ತಿದ್ದೆ ಎಂದಳು ಅವ್ವ.

"ಹಾಗಾದರೆ ಒಂದು ಕೆಲಸ ಮಾಡಿ ಕಾಕೂ. ಈಗ ನಾನು ಸುಮ್ಮನಿರುತ್ತೇನೆ. ಒಳ್ಳೆಯದು, ಕೆಟ್ಟದ್ದು ಏನೂ ಹೇಳಬೇಡಿ. ಏನು ಕೇಳಿದರೂ ಸರಿ, ಕೇಳಿದಾಗ ಬೆರಳಿನಿಂದ ಮೇಜು ತಟ್ಟಿ."

ಹೊರಗೆ ನಮ್ಮ ಮುಂದಿನ ಪರದೆಯ ಮೇಲೆ ರೇಡಿಯೋ ಎದ್ದಾಗಲೆಲ್ಲ ಒಂದು ಗೆರೆ ಮೇಲೇಳುತ್ತಿತ್ತು. ಅದು ಒಂದೇ ಲಯದಲ್ಲಿ ಏಳುವುದಿಲ್ಲ. ಫೋನು ಕರೆದಂತೆಲ್ಲ, ಒಮ್ಮೆ ಬೇಗ, ಒಮ್ಮೆ ತಡವಾಗಿ. ಒಳಗೆ ಅವ್ವ ಬಲಗೈ ತೋರುಬೆರಳನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕೂತಳು. ಗೆರೆ ಎದ್ದಿತು, ಬೆರಳು ತಟ್ಟಿತು. ಬಹಳ ಹೊತ್ತು ಗೆರೆ ಏಳಲಿಲ್ಲ, ಬೆರಳೂ ಕಾಯುತ್ತಿತ್ತು. ಬೆನ್ನುಬೆನ್ನಿಗೆ ಎರಡು ಎದ್ದವು. ಬೆರಳು ಎರಡು ಸಲ ತಟ್ಟಿತು. ಅವ್ವನಿಗೆ ಪರದೆ ಕಾಣುತ್ತಿರಲಿಲ್ಲ. ತಾನು ಏನನ್ನು ತೋರಿಸಿಕೊಡುತ್ತಿದ್ದೇನೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅವಳ ಬೆನ್ನನ್ನು ನೋಡುತ್ತ ನಿಂತ ನನಗೆ ಒಂದು ವರ್ಷ ಅವಳು ಹೀಗೇ ಸುಮ್ಮನೆ ಆ ಸದ್ದನ್ನು ಸಹಿಸಿಕೊಂಡು, ಕೊನೆಗೆ ಡಬ್ಬಿಯಲ್ಲಿಟ್ಟಳಲ್ಲ ಎನಿಸಿತು.

ಬೆಂಗಳೂರಿನ ಹುಡುಗ ಬಹಳ ಹೊತ್ತು ಪರದೆ ನೋಡಿದ. "ಅವರ ಗೇನ್ ಸೆಟ್ಟಿಂಗ್ ಎಷ್ಟಿದೆ ಈಗ?" ಎಂದು ತಜ್ಞೆಯನ್ನು ಇಂಗ್ಲಿಷಿನಲ್ಲಿ ಕೇಳಿದ. ಅವ್ವನ ಕಿವಿಗೆ ಹೊಂದಿಸಿದ ಧ್ವನಿ, ಸ್ಪೆಕ್ ಬರೆದವರು ಅಳೆದ ಧ್ವನಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಮಾತು ಎಷ್ಟು ದೊಡ್ಡದಾಗುತ್ತಿತ್ತೋ ಟಿಕ್ ಕೂಡ ಅಷ್ಟೇ ದೊಡ್ಡದಾಗುತ್ತಿತ್ತು. ಆಮೇಲೆ ಬಂದಿದ್ದ ಉಳಿದ ತಂದೆತಾಯಿಯರಿಗೂ ಅದೇ ಬಗೆಯಲ್ಲಿ ಮತ್ತೆ ಕೇಳಿಸಿದರು. ಚೆನ್ನಾಗಿದೆ ಎಂದವರಲ್ಲಿ ಹೆಚ್ಚಿನವರು ಮೇಜು ತಟ್ಟಿದರು.

"ಆಯ್ತು ಮೇಡಂ," ಎಂದ ಹುಡುಗ. "ಎಷ್ಟು ಜಾಗ ಬೇಕು ಹೇಳಿ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವ್ವನಿಗೆ ಸಾಬುದಾಣಾ ಖಿಚಡಿ ಕೊಡಿಸಿದೆ. ಅವಳು ಸಣ್ಣ ದನಿಯಲ್ಲಿ, "ನಾ ಏನರ ತಪ್ಪು ಹೇಳಿದ್ನೇನು? ನಿಮ್ಮ ಸಾಹೇಬ್ರು ಸಿಟ್ಟಿಗೆ ಬಂದಿಲ್ಲಲ್ಲ?" ಎಂದಳು. ಅಷ್ಟರಲ್ಲಿ ಹಿರಿಯರೇ ತಟ್ಟೆ ಹಿಡಿದು ನಮ್ಮ ಮೇಜಿಗೆ ಬಂದರು. "ನಮಸ್ಕಾರ್ರಿ ಅವ್ವಾರ. ಭಾಳ ಉಪಕಾರ ಆತು ನಿಮ್ಮಿಂದ," ಎಂದರು. ಬೆಳಗಾವಿಯ ಯಾವ ಓಣಿ, ಯಾರ ಪೈಕಿ ಎಂದು ಇಬ್ಬರೂ ವಿಚಾರಿಸಿಕೊಂಡ ಮೇಲೆ ಅವ್ವನ ಅಂಜಿಕೆ ಹೋಯಿತು.

ಮುಂದಿನ ಕೆಲಸ ಬೇಗ ಮುಗಿಯುವಂಥದ್ದಾಗಿರಲಿಲ್ಲ. ತೆಳು ಪದರದ ಡಿಕ್ಯಾಪ್‌ಗಳನ್ನು ಮತ್ತೆ ತುಂಬಿದರೆ ಟಿಕ್ ಹೋಗುತ್ತಿತ್ತು, ಆದರೆ ಬ್ಯಾಟರಿ ಸಂಜೆಯೊಳಗೆ ಮುಗಿಯುತ್ತಿತ್ತು. ದಪ್ಪ ಪದರದವನ್ನೇ ಹಾಕಬೇಕು, ಅದೂ ರೇಡಿಯೋಗೂ ಧ್ವನಿ ಅಳೆಯುವ ಭಾಗಕ್ಕೂ ತಾಗಿದಂತೆ. ದೂರದಲ್ಲಿ ಹಾಕಿದರೆ ನಡುವಿನ ಸಣ್ಣ ತಂತಿಗಳೇ ಅಡ್ಡಿಯಾಗಿ ಚಾರ್ಜ್ ವೇಳೆಗೆ ಮುಟ್ಟುವುದಿಲ್ಲ. ಹುಡುಗ ಮೆಮೊರಿಯ ಒಂದು ತುಂಡನ್ನು ಚಿಪ್‌ನ ಇನ್ನೊಂದು ಬದಿಗೆ ಸರಿಸಿದ. ಅದನ್ನು ಸರಿಸಿದ್ದಕ್ಕೆ ಅವನು ತನ್ನ ಎಷ್ಟೋ ತಂತಿಗಳನ್ನು ಮತ್ತೆ ಎಳೆಯಬೇಕಾಯಿತು, ಗೊಣಗದೆ ಎಳೆದ.

ನಾನು ಹೊಸ ಡಿಕ್ಯಾಪ್ ಸೆಲ್, ಎಂದರೆ ಸಂದುಗಳಲ್ಲಿ ಸಾಲಾಗಿ ಕೂರಿಸುವ ಒಂದೊಂದು ಡಿಕ್ಯಾಪ್‌ನ ನಕ್ಷೆ, ಬರೆಯಲು ಕೂತೆ. ಮೊದಲ ಸಲ ಬರೆದದ್ದು ತೀರ ಚುರುಕಾಯಿತು: ಚಾರ್ಜನ್ನು ಒಮ್ಮೆಲೇ ಸುರಿದುಬಿಡುತ್ತಿತ್ತು, ವೋಲ್ಟೇಜ್ ಕುಸಿಯುವುದರ ಬದಲು ಮೇಲೆ ಕೆಳಗೆ ತೂಗಾಡುತ್ತಿತ್ತು. ಹಿರಿಯರು ಅದನ್ನು ನೋಡಿ, "ಇದಕ್ಕ ಸ್ವಲ್ಪ ಲಗಾಮು ಹಾಕ್ರಿ. ಒಂಚೂರು ರೆಸಿಸ್ಟೆನ್ಸ್ ಇರ್ಲಿ," ಎಂದರು. ಹಾಕಿದೆ, ಹೆಚ್ಚಾಯಿತು, ಈ ಸಲ ಸೆಲ್ ಮಂದವಾಯಿತು. ಅವೆರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಹುಡುಕುತ್ತ ಕಳೆದ ಆ ವಾರಗಳು ನನ್ನ ಕೆಲಸದ ಬದುಕಿನಲ್ಲಿ ಅತ್ಯಂತ ಸಮಾಧಾನದವು. ಬೆಳಿಗ್ಗೆ ಬಂದು ಕೂತು, ಸೆಲ್‌ನೊಳಗಿನ ಗೇಟ್ ಎಂಬ ಪಟ್ಟಿಯ ಉದ್ದ ಒಂದಿಷ್ಟು ಬದಲಿಸಿ, ಕಂಪ್ಯೂಟರ್ ಲೆಕ್ಕಕ್ಕೆ ಹಾಕಿ, ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಹೊಸ ಗೆರೆ ಬಂದಿರುತ್ತಿತ್ತು. ಒಂದು ದಿನ ಊಟಕ್ಕೆ ಮುಂಚೆ ಬಂದ ಗೆರೆ ಸ್ವಲ್ಪವೇ ತಗ್ಗಿ, ತೂಗಾಡದೆ, ಮೆಲ್ಲಗೆ ಎದ್ದು ಸಮನಾಯಿತು. ಅದನ್ನು ಯಾರಿಗೂ ಕೂಗಿ ಹೇಳಲಿಲ್ಲ. ಸ್ವಲ್ಪ ಹೊತ್ತು ನಾನೊಬ್ಬಳೇ ನೋಡಿದೆ. ರೇಡಿಯೋ ಇಡಿಯಾಗಿ ಒಮ್ಮೆಲೇ ಏಳುವ ಬದಲು ಭಾಗ ಭಾಗವಾಗಿ ಏಳುವಂತೆಯೂ ಮಾಡಿಸಿದೆವು.

ಎರಡನೆಯ ಸಲದ ಚಿಪ್ ಬಂದಾಗ ಮಳೆಗಾಲ ಮುಗಿದಿತ್ತು. ತಜ್ಞೆ ಮತ್ತೆ ಅದೇ ಜನರನ್ನು ಕರೆದರು. ಟಿಕ್ ಪೂರ್ತಿ ಹೋಗಿತ್ತೆಂದು ಹೇಳಲಾರೆ. ಗಾಜಿನ ಕೋಣೆಯ ನಿಶ್ಶಬ್ದದಲ್ಲಿ ಅವ್ವ ಅಪರೂಪಕ್ಕೊಮ್ಮೆ ಮೇಜು ತಟ್ಟಿದಳು, ಅದೂ ಅನುಮಾನಿಸುತ್ತ. ಕಿಟಕಿ ತೆರೆದು ಹೊರಗಿನ ಗಾಳಿಯ ಸದ್ದು ಬರುವಂತೆ ಮಾಡಿದಾಗ ಬೆರಳು ಏಳಲೇ ಇಲ್ಲ. ಗಿರಾಕಿ ಕಂಪನಿಯವರು ಒಪ್ಪಿದರು. ಅವರ ಸ್ಪೆಕ್‌ನಲ್ಲಿ ಹೆಚ್ಚು ಧ್ವನಿ ಬೇಕಾದವರಿಗೆಂದು ಬೇರೆಯ ಮಿತಿಯೊಂದು ಸೇರಿತು. ಮರುವರ್ಷ ಹಿರಿಯರು ನಿವೃತ್ತರಾದರು.

ಅವ್ವನಿಗೆ ಪ್ರಯೋಗಕ್ಕೆಂದು ಹೊಸ ಯಂತ್ರದ ಜೋಡಿ ಸಿಕ್ಕಿತು. ಮೊದಮೊದಲು ಬೆಳಿಗ್ಗೆ ಹೊತ್ತು ಮಾತ್ರ ಹಾಕಿಕೊಳ್ಳುತ್ತಿದ್ದವಳು ನಿಧಾನಕ್ಕೆ ಇಡೀ ದಿನ ಇಟ್ಟುಕೊಳ್ಳತೊಡಗಿದಳು. ಭಜನೆಗೂ ಹೋದಳು. ಬಂದವಳು ಚಪ್ಪಲಿ ಬಿಡುತ್ತ, "ಮುಂದ ಕೂತು ಹಾಡ್ತಾಳಲ್ಲ, ಆಕಿ ಶ್ರುತಿ ಇಷ್ಟು ತಪ್ಪತದ ಅಂತ ನನಗ ಗೊತ್ತ ಇದ್ದಿಲ್ಲ," ಎಂದಳು.

ಅದಾದ ಮೇಲೆ ಒಂದು ದಿನ ನಾನು ಅಡುಗೆಮನೆಯಿಂದ ಅವಳನ್ನು ಊಟಕ್ಕೆ ಕರೆದೆ. ಅವಳು ಹಾಲ್‌ನಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದಳು. ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಯಾಕವಾ ಇಷ್ಟು ಒದರ್ತಿ? ಮಗ್ಗಲ ಮನಿಯವರು ಏನನ್ಕೋತಾರ?"

ಎಷ್ಟು ಜೋರಾಗಿ ಕೂಗಿದ್ದೆನೆಂದು ನನಗೆ ಆಗಲೇ ತಿಳಿದದ್ದು. ಮನೆಯಲ್ಲಿ ನಾವೆಲ್ಲ ಹಾಗೆಯೇ ಮಾತಾಡುತ್ತಿದ್ದೆವು. ಅದೇ ನಮ್ಮ ದನಿ ಎಂದುಕೊಂಡಿದ್ದೆವು. ಅನ್ನ ಬಡಿಸುತ್ತ, ದನಿ ತಗ್ಗಿಸಿ, ಸಾರು ಹಾಕಲೇ ಎಂದು ಕೇಳಿದೆ. ಅವಳು ತಟ್ಟೆ ಮುಂದೆ ಹಿಡಿದಳು.